ಆಫೀಸಿನಲ್ಲಿ ಸಂಸಾರ

ಬೆಂಗಳೂರಿನ ಜಯನಗರದಲ್ಲಿ ಆಸೆಪಟ್ಟು ಕಟ್ಟಿಸಿದ ಮನೆ, ಸ್ವಲ್ಪ ದಿನ ಬಿಟ್ಟು ಹೋದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕೋ ಬಟ್ಟೆ ಅಂಗಡಿಯೋ ಆಗಿರುತ್ತದೆ. ಇಂಗ್ಲೆಂಡಿನಲ್ಲಿ ಇದರ ಉಲ್ಟಾ. ಇಲ್ಲಿ ಆಫೀಸುಗಳೇ ಮನೆಗಳಾಗುತ್ತಿವೆ.

ನಾವಿರುವ ವಾಟ್‌ಫರ್ಡ್‌ನಲ್ಲಿ ಬಿಸಿಲು ಬಂತೆಂದರೆ ಬೇಲಿಯೇ ನಮ್ಮ ಜಗಲಿ. ಪಕ್ಕದ ಮನೆಯ ಡಾಕ್ಟರು ಧಾರವಾಡದವರು. ಮೆಂತ್ಯದ ಮಡಿಗೆ ನೀರು ಹಾಕುತ್ತಾ ಶುರು ಮಾಡಿದರು.

“ಮೊಮ್ಮಗ ಬಾಡಿಗಿ ಮನಿ ನೋಡಾಕತ್ತಾನ್ರಿ. ಒಂದು ಕಡೆ ಬಾಗಿಲಾ ತಗದ್ರ ಮಂಚ, ಮಂಚದ ಕಾಲ ಹತ್ರನ ಒಲಿ!”

“ಹಳೇ ಆಫೀಸು ಕಟ್ಟಡ ಇರಬೇಕು, ಡಾಕ್ಟ್ರೇ.”

“ಹೌದ್ರಿ! ನಿಮಗ ಹ್ಯಾಂಗ ಗೊತ್ತಾತು?”

ಗೊತ್ತಾಗದೆ ಏನು! 2013ರಲ್ಲಿ ಸರ್ಕಾರ ಆಫೀಸುಗಳನ್ನು ಮನೆ ಮಾಡಲು ಪೂರ್ತಿ ಪ್ಲಾನಿಂಗ್ ಅನುಮತಿ ಬೇಡ ಎಂದಿತು. ಮೊದಲು ತಾತ್ಕಾಲಿಕ ಅಂದರು, 2016ರಲ್ಲಿ ಕಾಯಂ ಮಾಡಿದರು. ಬಿಲ್ಡರು ಸ್ಥಳೀಯ ಕೌನ್ಸಿಲ್‌ಗೆ ಒಂದು ಅರ್ಜಿ ಕೊಟ್ಟರೆ ಸಾಕು. ವಾಹನ ದಟ್ಟಣೆ, ಮಣ್ಣಿನ ಮಾಲಿನ್ಯ, ನೆರೆ ಅಪಾಯ ಇಂಥ ಕೆಲವೇ ಬಾಬತ್ತು ಕೌನ್ಸಿಲ್ ಆಗ ನೋಡಬಹುದಿತ್ತು. 56 ದಿನದಲ್ಲಿ ಉತ್ತರ ಕೊಡದಿದ್ದರೆ ಮೌನವೇ ಸಮ್ಮತಿ.

“ದೂರ ಯಾಕೆ, ನಮ್ಮೂರಿನ ವೆಲ್‌ಸ್ಟೋನ್ಸ್ ಬೀದಿಯದೇ ಕಥೆ ಕೇಳಿ,” ಅಂದೆ. ಅಲ್ಲಿನ ಕೈಗಾರಿಕಾ ಕಟ್ಟಡವೊಂದನ್ನು ಇಂಥದ್ದೇ ಸಡಿಲ ನಿಯಮದಡಿ 15 ಫ್ಲಾಟು ಮಾಡುತ್ತೇವೆಂದು ಅರ್ಜಿ ಬಂತು. ಅವುಗಳಲ್ಲಿ 7ಕ್ಕೆ ಕಿಟಕಿಯೇ ಇಲ್ಲ! ಕೌನ್ಸಿಲ್ ಆಗುವುದಿಲ್ಲ ಎಂದಿತು. ಮೇಲ್ಮನವಿ ಹೋಯಿತು. 2019ರಲ್ಲಿ ಪ್ಲಾನಿಂಗ್ ಇನ್‌ಸ್ಪೆಕ್ಟರು, ಇದು ವಾಸಕ್ಕೆ ಒಳ್ಳೆಯದಲ್ಲ ಎಂದು ಒಪ್ಪಿಕೊಂಡೇ, ನಾನು ಪರಿಶೀಲಿಸಬೇಕಾದ ಪಟ್ಟಿಯಲ್ಲಿ ಈ ವಿಷಯ ಇಲ್ಲ ಎಂದು ಅನುಮತಿ ಕೊಟ್ಟರು.

ಡಾಕ್ಟರು ನಲ್ಲಿ ನಿಲ್ಲಿಸಿದರು. “ಅಂದ್ರ, ಮನ್ಯಾಗ ನೀರು ನುಗ್ತೈತೇನು ಅಂತ ಕೇಳಬಹುದು, ಗಾಳಿ ಬರ್ತೈತೇನು ಅಂತ ಕೇಳಂಗಿಲ್ಲ!”

ಲಂಡನ್ನಿನ ಇಲ್‌ಫರ್ಡ್‌ನಲ್ಲಿ ನ್ಯೂಬರಿ ಹೌಸ್ ಎಂಬ ಹಳೇ ಆಫೀಸಿನದು ಇನ್ನೊಂದು ಕಥೆ. ಅಲ್ಲಿ 13 ಚದರ ಮೀಟರಿನಷ್ಟು ಚಿಕ್ಕ ಮನೆಗಳಾದವು. ನಮ್ಮ ಲೆಕ್ಕದಲ್ಲಿ 140 ಚದರ ಅಡಿ, ಅಂದರೆ 10 ಅಡಿಗೆ 14 ಅಡಿಯ ಒಂದು ಕೋಣೆ. ರಾಷ್ಟ್ರೀಯ ಮಾನದಂಡದ ಪ್ರಕಾರ ಒಬ್ಬರಿಗೇ ಕನಿಷ್ಠ 37 ಚದರ ಮೀಟರ್ ಬೇಕು. 2020ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ ಸರ್ಕಾರಕ್ಕೇ ಕೊಟ್ಟ ವರದಿಯ ಪ್ರಕಾರ, ಹೀಗೆ ಪರಿವರ್ತನೆಯಾದ ಮನೆಗಳಲ್ಲಿ ಆ ಅಳತೆ ಮುಟ್ಟಿದ್ದು ನೂರಕ್ಕೆ ಸುಮಾರು 22. ಪೂರ್ತಿ ಅನುಮತಿ ಪಡೆದು ಮಾಡಿದವುಗಳಲ್ಲಿ ಸುಮಾರು 73.

“ಆಮ್ಯಾಲಾದ್ರೂ ತಿದ್ದಿದ್ರೋ ಇಲ್ಲೋ?”

ತಿದ್ದಿದರು. 2020ರ ಆಗಸ್ಟ್‌ನಿಂದ ವಾಸದ ಕೋಣೆಗೆಲ್ಲ ಬೆಳಕು ಬೀಳಲೇಬೇಕು, 2021ರ ಏಪ್ರಿಲ್‌ನಿಂದ ಅಳತೆಯೂ ಕಡ್ಡಾಯ. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಅಂಗಡಿ, ರೆಸ್ಟೋರೆಂಟು, ಜಿಮ್ಮುಗಳಿಗೂ ಈ ದಾರಿ ತೆರೆದರು. 1,500 ಚದರ ಮೀಟರಿನ ಮಿತಿ ಹಾಕಿದ್ದರು, ಮೊದಲು ಮೂರು ತಿಂಗಳು ಖಾಲಿ ಇರಬೇಕು ಎಂದಿದ್ದರು. 2024ರ ಮಾರ್ಚ್‌ನಲ್ಲಿ ಎರಡನ್ನೂ ತೆಗೆದುಹಾಕಿದರು.

“ಖಾಲಿ ಬಿದ್ದ ಕಟ್ಟಡದಾಗ ನಾಕು ಮಂದಿ ದೀಪ ಹಚ್ಚಿದ್ರ ತಪ್ಪೇನ್ರಿ? ಮನಿ ಸಾಲವಲ್ಲು ಈ ದೇಶದಾಗ.”

ಡಾಕ್ಟರ ಮಾತೂ ನಿಜವೇ. ಖಾಲಿ ಆಫೀಸಿಗೆ ಬೀಗ ಜಡಿದುಕೊಂಡು ಕೂರುವುದರಲ್ಲಿ ಯಾರಿಗೂ ಲಾಭವಿಲ್ಲ. ಆದರೆ ಪೂರ್ತಿ ಅನುಮತಿ ಎಂದರೆ ಬರೀ ಕಾಗದದ ಕಾಟವಲ್ಲ. ಆ ಹಂತದಲ್ಲೇ ಕೌನ್ಸಿಲ್ ಬಿಲ್ಡರನ್ನು ಕೂರಿಸಿಕೊಂಡು, ಕೈಗೆಟುಕುವ ಬೆಲೆಯ ಮನೆ ಎಷ್ಟು ಕೊಡುತ್ತೀಯ ಎಂದು ಕೇಳುತ್ತಿತ್ತು. ಅಡ್ಡದಾರಿಯಲ್ಲಿ ಆ ಪ್ರಶ್ನೆಯೂ ಹೋಯಿತು. ಕಟ್ಟಡ ಬದಲಾಯಿಸುವುದು ಬೇಗ ಆಗಲಿ. ಆದರೆ ಅಲ್ಲಿ ಬದುಕುವವರ ಪರವಾಗಿ ಕೇಳುವ ಅಧಿಕಾರ ಕೌನ್ಸಿಲ್‌ಗೆ ಇರಲಿ ಎನ್ನುವುದು ನನ್ನ ವಾದ.

ನಿಮ್ಮ ಮನೆಯ ಮಕ್ಕಳು ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದರೆ ಹೇಳಿ: ಕಟ್ಟಡ ಮೊದಲು ಆಫೀಸಾಗಿತ್ತೇ, ಅರ್ಜಿ ಯಾವ ವರ್ಷದ್ದು ಎಂದು ಕೌನ್ಸಿಲ್ ದಾಖಲೆಯಲ್ಲಿ ನೋಡಲಿ. ಹಗಲು ಹೊತ್ತು ಹೋಗಿ, ಕಿಟಕಿ ತೆರೆದು ನೋಡಿ, ಆಮೇಲೆ ಅಡ್ವಾನ್ಸ್ ಕೊಡಲಿ.