ನಗುವಿನ ಸೆಕೆಂಡರಿ ಸೇಲ್ಸ್

ನಮ್ಮ ಕಡೆ ಕತ್ತಿಗೆ ಟೈ ಬಿಗಿಯುವವರು ಮೂರೇ ಬಗೆ. ಕಾನ್ವೆಂಟ್ ಮಕ್ಕಳು, ಆರತಕ್ಷತೆಯ ಮದುಮಗ ಮತ್ತು ಮೆಡಿಕಲ್ ರೆಪ್. ಮಕ್ಕಳ ಟೈಗೆ ಎಲಾಸ್ಟಿಕ್ ಇರುತ್ತದೆ, ಮದುಮಗನದು ಒಂದು ರಾತ್ರಿಯ ಕಷ್ಟ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಶಿರಾ ಬಸ್ ಸ್ಟ್ಯಾಂಡಿನಲ್ಲಿ ಪೂರ್ತಿ ತೋಳಿನ ಅಂಗಿ, ಟೈ, ಬೂಟು ಹಾಕಿಕೊಂಡು ಕಬ್ಬಿನ ಹಾಲು ಕುಡಿಯುತ್ತಿರುವವನು ಕಂಡರೆ ಅನುಮಾನವೇ ಬೇಡ, ಅವನು ನಮ್ಮವನು.

ನನ್ನ ಹೆಡ್‌ಕ್ವಾರ್ಟರ್ ತುಮಕೂರು. ಗುಬ್ಬಿ, ತಿಪಟೂರು, ಶಿರಾ, ಮಧುಗಿರಿ, ಕುಣಿಗಲ್‌ಗಳಲ್ಲಿ ಸುತ್ತಾಟ. ಮಾರುವುದು ಮುಖ್ಯವಾಗಿ ಗ್ಯಾಸ್ಟ್ರಿಕ್ ಮಾತ್ರೆ. ಜೊತೆಗೆ ಬಿಡುವಾದ ಸಂಜೆಗಳಲ್ಲಿ ರೈಲು ಹತ್ತಿ ಯಶವಂತಪುರದಲ್ಲಿಳಿದು, ಮೆಟ್ರೊ ಹಿಡಿದು, ಬೆಂಗಳೂರಿನ ಯಾವುದೋ ಕೆಫೆಯ ಮಹಡಿಯ ಮೇಲೆ ಮೈಕ್ ಮುಂದೆ ನಿಂತು ಜನರನ್ನು ನಗಿಸಲು ನೋಡುತ್ತೇನೆ. 'ನಗಿಸುತ್ತೇನೆ' ಎಂದೇ ಬರೆಯಬಹುದಿತ್ತು. ಆದರೆ ಅಂಥ ಧೈರ್ಯದ ವಾಕ್ಯಗಳನ್ನೆಲ್ಲ ಕಂಪನಿಗೆ ಕಳಿಸುವ ದಿನದ ವರದಿಗೆಂದು ಉಳಿಸಿಕೊಂಡಿದ್ದೇನೆ.

ನಲವತ್ತು ದಾಟಿದವನು ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುತ್ತಾನೆ ಎಂದರೆ ನೆಂಟರಿಷ್ಟರು ಎರಡು ತೀರ್ಮಾನಕ್ಕೆ ಬರುತ್ತಾರೆ. ಒಂದು, ಕೆಲಸ ಹೋಗಿದೆ. ಎರಡು, ಮನೆಯಲ್ಲಿ ಏನೋ ಸರಿಯಿಲ್ಲ. ಇನ್ನು ಬೆಂಗಳೂರಿನ ಹುಡುಗರದ್ದು ಬೇರೆಯೇ ಕಲ್ಪನೆ. ಹಗಲು ನಾನು ಟಾರ್ಗೆಟ್ಟಿನ ಗಾಣಕ್ಕೆ ಕಟ್ಟಿದ ಎತ್ತು, ರಾತ್ರಿ ಹಗ್ಗ ಬಿಚ್ಚಿಕೊಂಡು ಕಲಾವಿದ. "ಹೇಗೆ ಅಂಕಲ್ ಎರಡನ್ನೂ ಬ್ಯಾಲೆನ್ಸ್ ಮಾಡ್ತೀರ?" ಎಂದು ಕಣ್ಣರಳಿಸಿ ಕೇಳುತ್ತಾರೆ. ಎರಡು ಬೇರೆ ಬೇರೆ ಇದ್ದರೆ ತಾನೇ ತಕ್ಕಡಿ ಹಿಡಿಯುವುದು? ಎರಡೂ ಒಂದೇ ಕಸುಬು. ಕಾದು ಕೂರುವುದು, ಕರೆದಾಗ ಒಳಗೆ ಹೋಗುವುದು, ಕೇಳದವರಿಗೆ ಬೇಡದ್ದನ್ನು ಹೇಳಿ, ಮುಗುಳ್ನಗುತ್ತಾ ಹೊರಗೆ ಬರುವುದು.

ಕಾಯುವುದರಲ್ಲಂತೂ ನಾವು ಪಳಗಿದವರು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ರೋಗಿಗಳು ಎಂ.ಆರ್.ನನ್ನು ನೋಡುವ ನೋಟವನ್ನು ತಾಳಿಕೊಂಡವನಿಗೆ ಭೂಮಿಯ ಮೇಲಿನ ಯಾವ ಪ್ರೇಕ್ಷಕನೂ ಭಯ ಹುಟ್ಟಿಸಲಾರ. ಬೆಳಗ್ಗೆ ಬಸ್ಸಿಗೆ ಬಂದು ಚೀಟಿ ಹಿಡಿದು ಕೂತವರ ಮುಂದೆಯೇ ನಾನು ಬ್ಯಾಗಿನ ಸಮೇತ ಸೀದಾ ಒಳಗೆ ಹೋಗಬೇಕು. "ಇವ್ರಿಗೇನವ್ವ ಕಾಯ್ಲೆ? ಗುಂಡ್ಕಲ್ ಇದ್ದಂಗವ್ರೆ" ಎಂದು ಮಧುಗಿರಿಯ ಅಜ್ಜಿಯೊಬ್ಬರು ಇಡೀ ಮೊಗಸಾಲೆಗೆ ಕೇಳುವಂತೆ ಅಂದಿದ್ದರು. ಕೆಫೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂಗುವ ಹುಡುಗರು ಈ ಅಜ್ಜಿಯ ಕಾಲ ಧೂಳಿಗೂ ಸಮ ಬರುವುದಿಲ್ಲ.

ಒಳಗೆ ಹೋದ ಮೇಲೆ ಸಿಗುವುದು ಹೆಚ್ಚೆಂದರೆ ಒಂದು ನಿಮಿಷ. ಡಾಕ್ಟರು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ 'ಹ್ಞೂಂ ಹೇಳಿ' ಎಂದು ಸನ್ನೆ ಮಾಡುತ್ತಾರೆ. ಅಷ್ಟರಲ್ಲಿ ಬಣ್ಣದ ಹಾಳೆ ತಿರುವಿ, ಬ್ರ್ಯಾಂಡಿನ ಹೆಸರು ಮೂರು ಸಲ ಉಚ್ಚರಿಸಿ, ಎದೆಯುರಿ ಎಂಬ ಶಬ್ದ ಬಂದಾಗ ನನ್ನ ಎದೆಯೇ ಉರಿದಂತೆ ಮುಖ ಮಾಡಿ ಎದ್ದುಬಿಡಬೇಕು. ಓಪನ್ ಮೈಕಿನಲ್ಲಿ ಹೊಸಬನಿಗೂ ನಾಲ್ಕೈದು ನಿಮಿಷ ಕೊಡುತ್ತಾರೆ. ಐದು ನಿಮಿಷ! ಇಷ್ಟು ವರ್ಷದ ಸರ್ವೀಸಿನಲ್ಲಿ ಒಬ್ಬ ಡಾಕ್ಟರೂ ನನಗೆ ಐದು ನಿಮಿಷ ಕೊಟ್ಟಿರಲಿಲ್ಲ. ಮೊದಲ ಸಲ ಮೈಕ್ ಕೈಗೆ ಬಂದಾಗ ಅಷ್ಟೊಂದು ಹೊತ್ತನ್ನು ಎಲ್ಲಿಡುವುದೆಂದೇ ತೋಚಲಿಲ್ಲ. ಕಡೇ ನಿಮಿಷ ಬಂತೆಂದು ಹಿಂದಿನ ಗೋಡೆಯ ಬಳಿಯಿಂದ ಮೊಬೈಲ್ ಟಾರ್ಚ್ ಬೆಳಗಿಸಿದರು. ಡಾಕ್ಟರು ಗಡಿಯಾರ ನೋಡಿದಷ್ಟೇ ಚೆನ್ನಾಗಿ ಅರ್ಥವಾಯಿತು. ಅಭ್ಯಾಸಬಲ ನೋಡಿ, "ಥ್ಯಾಂಕ್ಯೂ ಡಾಕ್ಟರ್, ಸಪೋರ್ಟ್ ಇರಲಿ" ಎಂದು ಕೈ ಮುಗಿದು ಇಳಿದೆ. ಆ ರಾತ್ರಿ ನನಗೆ ಸಿಕ್ಕ ಒಂದೇ ಒಂದು ನಗು ಅದಕ್ಕೆ.

ಮಾಲಿನ ವಿಷಯಕ್ಕೆ ಬಂದರೂ ಅಷ್ಟೆ. ಪ್ಯಾಂಟೊಪ್ರಜೋಲ್ ಎಂಬ ಒಂದೇ ಮಾಲಿಕ್ಯೂಲನ್ನು ದೇಶದ ನೂರಾರು ಕಂಪನಿಗಳು ಬೇರೆ ಬೇರೆ ಹೆಸರಿಟ್ಟು ಮಾರುತ್ತವೆ. ಒಳಗಿನ ಪುಡಿ ಒಂದೇ, ಹೊರಗಿನ ಡಬ್ಬಿ ಮಾತ್ರ ಬೇರೆ. ಬೆಂಗಳೂರಿನ ಓಪನ್ ಮೈಕಿನ ಹಾಸ್ಯಗಾರರೂ ಸಿಲ್ಕ್ ಬೋರ್ಡ್ ಟ್ರಾಫಿಕ್, ಬಾಡಿಗೆ ಮನೆಯ ಅಡ್ವಾನ್ಸ್, ವಾಟ್ಸ್ಯಾಪಿನಲ್ಲಿ ಗುಡ್ ಮಾರ್ನಿಂಗ್ ಕಳಿಸುವ ಅಪ್ಪ ಎಂಬ ಮೂರು ಮಾಲಿಕ್ಯೂಲನ್ನು ಹಂಚಿಕೊಂಡು ಮಾರುತ್ತಿದ್ದಾರೆ. ನನಗೆ ಇದು ಹೊಸದಲ್ಲವಾದ್ದರಿಂದ ಬೇಸರವಾಗಲಿಲ್ಲ. ನನ್ನ ಹತ್ತಿರ ಅವರಲ್ಲಿಲ್ಲದ ಸರಕೊಂದಿತ್ತು: ಸ್ಯಾಂಪಲ್.

ನಮ್ಮ ವಂಶದಲ್ಲಿ ಯಾರಿಗೆ ಹುಷಾರು ತಪ್ಪಿದರೂ ಮೊದಲ ಫೋನು ನನಗೆ, ಆಮೇಲೆ ಡಾಕ್ಟರಿಗೆ. ಒಮ್ಮೆ ದೊಡ್ಡಪ್ಪ ಫೋನ್ ಮಾಡಿದರು. "ಏನೋ, ಮಂಡಿನೋವಿಗೆ ಸ್ಯಾಂಪಲ್ ಇದೆಯೇನೋ?" "ಇಲ್ಲ ದೊಡ್ಡಪ್ಪ, ನಮ್ ಕಂಪನೀಲಿ ಈಗ ಬರೀ ಗ್ಯಾಸ್ಟ್ರಿಕ್ಕಿಂದು." ಆ ಕಡೆ ಸ್ವಲ್ಪ ಹೊತ್ತು ಯೋಚನೆ. "ಸರಿ, ಅದನ್ನೇ ಕೊಡು."

ಇದು ನನ್ನ ಏಕೈಕ ಗ್ಯಾರಂಟಿ ಜೋಕು. ಇದನ್ನು ಹದಕ್ಕೆ ತರಲು ಪಟ್ಟ ಪಾಡು ಗ್ಯಾಸ್ಟ್ರಿಕ್ಕಿಗಿಂತ ಹೆಚ್ಚು. ಮೊದಮೊದಲು "ಅದನ್ನೇ ಕೊಡು ಅಂದುಬಿಟ್ರು ನಮ್ಮ ದೊಡ್ಡಪ್ಪ, ನೋಡಿ" ಎಂದು ಬಾಲ ಹಚ್ಚುತ್ತಿದ್ದೆ. ಯಾರೂ ನಗಲಿಲ್ಲ. ಬಾಲ ಕತ್ತರಿಸಿದ ದಿನ ಹಿಂದಿನ ಸಾಲಿನವರೂ ನಕ್ಕರು. ನಡುವಿನ ಆ ಮೌನವನ್ನು ಒಂದು ಉಸಿರಿನಷ್ಟು ಹಿಗ್ಗಿಸಿದಾಗ ನಗು ಇನ್ನೂ ದೊಡ್ಡದಾಯಿತು. ಎರಡು ಉಸಿರಿನಷ್ಟು ಹಿಗ್ಗಿಸಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು "ಲೈನ್ ಮರ್ತೋಯ್ತಾ ಅಂಕಲ್?" ಎಂದು ಕನಿಕರಿಸಿದಳು. ನಮ್ಮ ಸೇಲ್ಸ್ ಟ್ರೈನಿಂಗಿನಲ್ಲಿ ಕೂಡ ಇದನ್ನೇ ಹೇಳಿಕೊಡುತ್ತಾರೆ. ಆರ್ಡರ್ ಕೇಳಿದ ಮೇಲೆ ಬಾಯಿ ಮುಚ್ಚು. ಮೊದಲು ಮಾತಾಡಿದವನು ಸೋತ. ಅಲ್ಲಿ ಕಲಿತದ್ದನ್ನು ಇಲ್ಲಿ ಬಳಸಿದೆನೋ, ಇಲ್ಲಿ ಕಲಿತದ್ದು ಅಲ್ಲಿ ಅರ್ಥವಾಯಿತೋ ಹೇಳಲಾರೆ.

ಆದರೂ ಒಂದು ವ್ಯತ್ಯಾಸವುಂಟು. ಅದನ್ನು ಹೇಳಲು ನಮ್ಮ ಧಂದೆಯ ಗುಟ್ಟೊಂದನ್ನು ಬಿಚ್ಚಬೇಕು. ಔಷಧಿ ಮಾರಾಟದಲ್ಲಿ ಎರಡು ಲೆಕ್ಕ. ಕಂಪನಿಯಿಂದ ಸ್ಟಾಕಿಸ್ಟಿಗೆ ಹೋದದ್ದು ಪ್ರೈಮರಿ. ಸ್ಟಾಕಿಸ್ಟಿನಿಂದ ಮೆಡಿಕಲ್ ಸ್ಟೋರಿಗೆ ಹೋದದ್ದು ಸೆಕೆಂಡರಿ. ತಿಂಗಳ ಕೊನೆ ಬಂತೆಂದರೆ, ಟಾರ್ಗೆಟ್ ಮುಟ್ಟದಿದ್ದರೆ, ನಾವು ಸ್ಟಾಕಿಸ್ಟಿನ ಮುಂದೆ ಕೂತು, "ಅಣ್ಣಾ, ಇನ್ನೊಂದಿಷ್ಟು ಬಾಕ್ಸ್ ಬಿಲ್ ಮಾಡ್ಕೊಳ್ಳಿ, ಮುಂದಿನ ತಿಂಗಳು ನೋಡ್ಕೊಳೋಣ" ಎಂದು ಗೋಗರೆಯುತ್ತೇವೆ. ಪುಣ್ಯಾತ್ಮ ಬೈದುಕೊಂಡೇ ತಗೊಳ್ಳುತ್ತಾನೆ. ಕಾಗದದ ಮೇಲೆ ನೂರಕ್ಕೆ ನೂರು. ಮುಂಬಯಿಯಲ್ಲಿ ಯಾರೋ ಗ್ರೂಪಿನಲ್ಲಿ ಚಪ್ಪಾಳೆಯ ಚಿತ್ರ ಹಾಕುತ್ತಾರೆ. ಮಾಲು ಮಾತ್ರ ತುಮಕೂರಿನ ಗೋಡೌನಿನಲ್ಲಿ ಎಕ್ಸ್‌ಪೈರಿ ದಿನ ಎಣಿಸುತ್ತಾ ಮಲಗಿರುತ್ತದೆ. ಅದನ್ನು ಇನ್ನೂ ಯಾವ ಎದೆಯುರಿಯವನೂ ನುಂಗಿಲ್ಲ.

ನಗುವಿನಲ್ಲಿ ಈ ಸೌಲಭ್ಯವಿಲ್ಲ. "ಈಗ ನಕ್ಕುಬಿಡಿ, ಜೋಕ್ ಆಮೇಲೆ ಅಡ್ಜಸ್ಟ್ ಮಾಡ್ತೀನಿ" ಎಂದರೆ ಯಾರೂ ಬಿಲ್ ಮಾಡಿಕೊಳ್ಳುವುದಿಲ್ಲ. ಆ ಹೊತ್ತಿಗೆ, ಆ ಜಾಗದಲ್ಲಿ, ದುಡ್ಡು ಕೊಟ್ಟು ಬಂದ ಅಪರಿಚಿತನ ಬಾಯಿಂದ ಹೊರಟರೆ ಉಂಟು, ಇಲ್ಲದಿದ್ದರೆ ಇಲ್ಲ. ಪೂರಾ ಸೆಕೆಂಡರಿ. ಅಲ್ಲೂ ಹೀಗೆ ಗೋಡೌನ್ ತುಂಬಿಸುವ ಡಂಪಿಂಗ್ ನಡೆಯುವುದಿಲ್ಲ ಎನ್ನಲಾರೆ. ಒಂದು ಸಂಜೆ ಬೇರೆ ಬೇರೆ ಕಂಪನಿಗಳ ನಮ್ಮ ರೆಪ್ ಗೆಳೆಯರು ಒಂದು ಇನ್ನೋವಾ ತುಂಬ ಬಂದಿದ್ದರು. ನಾನು ಮೈಕ್ ಸರಿಮಾಡಿಕೊಂಡದ್ದಕ್ಕೂ ಬಿದ್ದು ಬಿದ್ದು ನಕ್ಕರು. ರೈಲಿನಲ್ಲಿ ಹಿರೇಹಳ್ಳಿ ದಾಟುವವರೆಗೂ ನಾನು ನೆಲದ ಮೇಲಿರಲಿಲ್ಲ. ಮುಂದಿನ ಸಲ ಅದೇ ಮಾತು, ಅದೇ ಮೌನ, ಗೆಳೆಯರಿಲ್ಲ. ಎಸಿಯ ಸದ್ದು ಬಿಟ್ಟರೆ ಬೇರೆ ಪ್ರತಿಕ್ರಿಯೆಯಿರಲಿಲ್ಲ. ಸ್ನೇಹಿತರ ನಗು ಪ್ರೈಮರಿ ಎಂದು ಆಗ ಲೆಕ್ಕ ಸಿಕ್ಕಿತು. ಹಗಲಿಡೀ ಗೋಡೌನ್ ತುಂಬಿಸುವವನಿಗೆ, ವಾರಕ್ಕೊಮ್ಮೆಯಾದರೂ ಯಾರೂ ತಿದ್ದಲಾಗದ ಅಂಕಿಯೊಂದನ್ನು ನೋಡಿಬರುವ ಚಟ ಹತ್ತಿತು. ಅಂಕಿ ಎಷ್ಟೋ ಸಲ ಸೊನ್ನೆ, ನಿಜ. ಆದರೆ ಶುದ್ಧ ಸೊನ್ನೆ.

ಕೆಲಸ ಇಟ್ಟುಕೊಂಡು ನಗಿಸುವುದು ನಾವು ಕಂಡುಹಿಡಿದದ್ದೇನಲ್ಲ. ಕನ್ನಡದ ಹಾಸ್ಯದ ಮುಕ್ಕಾಲು ಪಾಲು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರದ್ದೇ. ಕೈಲಾಸಂ ಭೂವಿಜ್ಞಾನಿ. ಬೀಚಿಯವರು ಪೊಲೀಸ್ ಇಲಾಖೆಯ ನೌಕರರು. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಶುರುಮಾಡಿದ ರಾಶಿಯವರು ರೋಗಿಗಳ ನಾಡಿ ಹಿಡಿಯುತ್ತಿದ್ದ ವೈದ್ಯರು. ಡಾಕ್ಟರೊಬ್ಬರು ಪುಕ್ಕಟೆ ಕೂತು ಹಾಸ್ಯ ಬರೆಯುತ್ತಿದ್ದ ಆ ಕಾಲದಲ್ಲಿ ನಾನು ರೆಪ್ ಆಗಿದ್ದರೆ ನನ್ನ ಬಣ್ಣದ ಹಾಳೆ ನೋಡಿಯಾದರೂ ನಗುತ್ತಿದ್ದರೇನೋ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದ ನಡುವೆ ಅಂದಿನ ಸುದ್ದಿಯನ್ನೆಳೆದು ಎದುರಿಗಿದ್ದ ಮಂತ್ರಿಗೇ ಮಾತಿನ ಚಾಟಿ ಬೀಸುತ್ತಿದ್ದರಲ್ಲ, ಅದನ್ನೇ ಈಗಿನ ಹುಡುಗರು ಕ್ರೌಡ್ ವರ್ಕ್ ಎಂದು ವರ್ಕ್‌ಶಾಪ್ ಇಟ್ಟು ಕಲಿಸುತ್ತಾರೆ.

ಗುಬ್ಬಿಗೆ ಹೋದಾಗಲೆಲ್ಲ ನನಗೆ ವೀರಣ್ಣನವರದ್ದೇ ಯೋಚನೆ. 'ಸದಾರಮೆ'ಯ ಕಳ್ಳನಾಗಿ ನಾಡನ್ನು ನಗಿಸಿದ ಮನುಷ್ಯ, ಅದೇ ನಾಟಕ ಕಂಪನಿಯ ಮಾಲೀಕ ಕೂಡ. 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಕಳ್ಳನ ವೇಷದಲ್ಲಿ ನಗಿಸುವಾಗ ತಲೆಯ ಒಂದು ಮೂಲೆಯಲ್ಲಿ ಗೇಟ್ ಕಲೆಕ್ಷನ್ನಿನ ಲೆಕ್ಕ, ಇನ್ನೊಂದು ಮೂಲೆಯಲ್ಲಿ ಆನೆಯ ಮೇವಿನ ಲೆಕ್ಕ ಓಡುತ್ತಿರಲಿಲ್ಲವೆಂದು ನಂಬಲು ನಾನು ತಯಾರಿಲ್ಲ. ಅವರನ್ನು ಯಾರಾದರೂ "ಹೇಗೆ ಬ್ಯಾಲೆನ್ಸ್ ಮಾಡ್ತೀರ?" ಎಂದು ಕೇಳಿದ್ದರೆ ಆನೆಯ ಕಡೆ ಕೈ ತೋರಿಸುತ್ತಿದ್ದರು.

ಸೇಲ್ಸಿನವರಿಗೆ ಮಾತ್ರ ಇನ್ನೊಬ್ಬ ಕುಲದೇವರಿದ್ದಾನೆ. ಅಮೆರಿಕದ ರಾಡ್ನಿ ಡೇಂಜರ್‌ಫೀಲ್ಡ್. ಹರೆಯದಲ್ಲಿ ಬೇರೆ ಹೆಸರಿನಲ್ಲಿ ಹಾಸ್ಯ ಮಾಡಿ ಸೋತು, ಮನೆಯ ಹೊರಗೋಡೆಗೆ ಹೊದಿಸುವ ಅಲ್ಯೂಮಿನಿಯಂ ತಗಡು ಮಾರುತ್ತಾ ಸಂಸಾರ ಸಾಕಿದ. ತಾನು ರಂಗ ಬಿಟ್ಟದ್ದು ತನ್ನೊಬ್ಬನಿಗೇ ಗೊತ್ತಾಗಿತ್ತು ಎಂದು ಆಮೇಲೆ ಅವನೇ ಹೇಳಿಕೊಂಡು ನಗಿಸುತ್ತಿದ್ದ. ನಲವತ್ತರ ಆಸುಪಾಸಿನಲ್ಲಿ ಹೊಸ ಹೆಸರಿಟ್ಟುಕೊಂಡು ಮರಳಿ ಬಂದವನು 1967ರಲ್ಲಿ ಎಡ್ ಸಲಿವನ್ ಶೋನಲ್ಲಿ ಗೆದ್ದ. ಬದಲಾದದ್ದು ಹೆಸರು ಮಾತ್ರವಲ್ಲ ಎಂದು ನನ್ನ ಅನಿಸಿಕೆ. ತನಗೆ ಯಾರೂ ಮರ್ಯಾದೆ ಕೊಡುವುದಿಲ್ಲ ಎಂಬುದೇ ಅವನ ಪಲ್ಲವಿ. ಇಪ್ಪತ್ತರ ಹುಡುಗ ಹಾಗೆಂದರೆ ಅದು ಬರೀ ದೂರು. ವರ್ಷಗಟ್ಟಲೆ ಮನೆಬಾಗಿಲು ತಟ್ಟಿ ತಗಡು ಮಾರಿದವನು ಹೇಳಿದಾಗ ಅದಕ್ಕೆ ದಾಖಲೆಯಿರುತ್ತದೆ.

ನಮ್ಮ ಕಂಪನಿಯಲ್ಲೂ ಒಮ್ಮೆ ಹೋಟೆಲಿನ ಹಾಲಿನಲ್ಲಿ ಕೂರಿಸಿ, ಕೋಟು ಹಾಕಿದ ತರಬೇತುದಾರರೊಬ್ಬರಿಂದ 'ನಲವತ್ತರ ನಂತರ ನಿಮ್ಮನ್ನು ನೀವೇ ಹೊಸದಾಗಿ ಕಟ್ಟಿಕೊಳ್ಳಿ' ಎಂದು ಬೋಧನೆ ಕೊಡಿಸಿದ್ದರು. ಹಾವು ಪೊರೆ ಬಿಡುವ ವಿಡಿಯೊ ತೋರಿಸಿದರು. ಸಂಜೆ ಮನೆಗೆ ಬಂದು ಉತ್ಸಾಹದಲ್ಲಿ, "ಇನ್ಮೇಲೆ ನಾನು ಹೊಸ ಮನುಷ್ಯ ಕಣೇ" ಎಂದೆ. ನನ್ನವಳು ಕುಕ್ಕರಿನ ಸೀಟಿ ಎಣಿಸುತ್ತಿದ್ದಳು. "ಆಗ್ಲಿ ಬಿಡ್ರೀ. ಮೊದ್ಲು ಹಳೇ ಮನುಷ್ಯನ ಬನೀನು ಬಚ್ಚಲಲ್ಲಿ ಬಿದ್ದಿದೆ, ಎತ್ತಿ ಬಕೇಟಿಗೆ ಹಾಕಿ."

ಪೊರೆ ಬಿಟ್ಟರೂ ಹಾವು ಹಾವೇ ತಾನೆ. ಸ್ಟೇಜಿನ ಮೇಲೆ ನಿಂತವನೂ ಅದೇ ರೆಪ್. ಎಲ್ಲಿ ನಿಲ್ಲಬೇಕು, ಯಾವಾಗ ಹಲ್ಲು ತೋರಿಸಬೇಕು, ಬೈದರೆ ಹೇಗೆ ಕೇಳಿಸದಂತೆ ಇರಬೇಕು, ಎಲ್ಲ ಹಳೆಯ ಬಂಡವಾಳವೇ. ಹೊಸದಾಗಿ ಸೇರಿದ್ದು ನಿದ್ದೆಗೇಡು ಮಾತ್ರ. ಹುಬ್ಬಳ್ಳಿ ಕಡೆಯ ರಾತ್ರಿ ರೈಲಿನಲ್ಲಿ ಕಣ್ಣು ಮುಚ್ಚಿದರೆ ತುಮಕೂರು ಬದಲು ಅರಸೀಕೆರೆ ಬರುತ್ತದೆಂದು ನಿಂತೇ ಬರುತ್ತೇನೆ.

ನನ್ನ ಮ್ಯಾನೇಜರ್ ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಒಳ್ಳೆಯವನು, ಆ್ಯಪ್ ಬಂದ ಮೇಲೆ ಸ್ವಲ್ಪ ಕೆಟ್ಟ. ನಾವು ಯಾವ ಊರಿನಲ್ಲಿದ್ದೇವೆಂದು ಫೋನೇ ಅವನಿಗೆ ಚಾಡಿ ಹೇಳುತ್ತದೆ. ಒಂದು ರಾತ್ರಿ ನನ್ನ ಸರದಿಗೆ ಇಬ್ಬರು ಬಾಕಿಯಿರುವಾಗ ಕರೆ ಬಂತು. "ಸರ್, ನಿಮ್ಮ ಲೊಕೇಶನ್ ಇಂದಿರಾನಗರ ತೋರಿಸ್ತಿದೆ. ಅಲ್ಲಿ ಯಾವ ಡಾಕ್ಟರನ್ನ ನೋಡ್ತಿದೀರ?" ನಾನು ನಿಜ ಹೇಳಿದೆ. ಸ್ವಲ್ಪ ತಡೆದು, "ಅಲ್ಲಿ ಕೂತಿರೋರಲ್ಲಿ ಯಾರಾದ್ರೂ ಡಾಕ್ಟರ್ ಇರಬಹುದಲ್ವಾ ಸರ್?" ಎಂದ. ಈ ಹುಡುಗ ಮುಂದೆ ಬರುತ್ತಾನೆ.

2024ರ ಮಾರ್ಚ್‌ನಲ್ಲಿ ಔಷಧಿ ಮಾರಾಟಕ್ಕೆ ಕೇಂದ್ರ ಸರ್ಕಾರದ ಹೊಸ ಸಂಹಿತೆ ಬಂತು. ಡಾಕ್ಟರಿಗೆ ಉಡುಗೊರೆ ಕೊಡುವಂತಿಲ್ಲ. ಸ್ಯಾಂಪಲ್ ಕೂಡ ಒಬ್ಬ ಡಾಕ್ಟರಿಗೆ ಒಂದು ಔಷಧಿಯದು ವರ್ಷಕ್ಕೆ 12 ಪ್ಯಾಕಿಗಿಂತ ಹೆಚ್ಚಿಲ್ಲ. ದೊಡ್ಡಪ್ಪನಿಗೆ ಇದರಿಂದಾದ ಆಘಾತದ ಬಗ್ಗೆ ಸರ್ಕಾರ ಯೋಚಿಸಿದಂತಿಲ್ಲ. ನಮ್ಮ ಬ್ಯಾಗು ಹಗುರಾಗಿ ಬಾಯಿಯ ಮೇಲೆ ಭಾರ ಬಿತ್ತು. ಜೋಕಿಗೆ ಸಂಹಿತೆಯಲ್ಲಿ ಮಿತಿಯಿಲ್ಲ.

ಅಷ್ಟರಲ್ಲಿ ನನ್ನ ವಿಡಿಯೊ ತುಣುಕೊಂದು ಫೋನಿನಿಂದ ಫೋನಿಗೆ ಹಾರಿ ತಿಪಟೂರು ತಲುಪಿತ್ತು. ಅಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಹೋದರೆ ಜನವೋ ಜನ. ಕಾಂಪೌಂಡರ್ ಬಾಗಿಲಿಗೆ ಅಡ್ಡ ನಿಂತು, "ಇವತ್ತು ಆಗಲ್ಲ ಸಾರ್, ಡಾಕ್ಟ್ರು ಫುಲ್ ಬಿಜಿ. ಕಾರ್ಡು, ಸ್ಯಾಂಪಲ್ಲು ಕೊಟ್ಬಿಡಿ. ಜೋಕ್ ಏನಾದ್ರೂ ಇದ್ರೆ ನಂಗೇ ಹೇಳ್ಬಿಟ್ಟು ಹೋಗಿ, ನಾನ್ ತಲುಪಿಸ್ತೀನಿ" ಎಂದ. ಬೆಂಚಿನವರೆಲ್ಲ ನನ್ನತ್ತ ತಿರುಗಿದ್ದರು. ದೊಡ್ಡಪ್ಪನ ಜೋಕನ್ನು ಅವನ ಕಿವಿಯಲ್ಲಿ ಹೇಳಿ, ಸ್ಯಾಂಪಲ್ಲಿಗೆ ಸಹಿ ಹಾಕಿಸಿಕೊಂಡು ಬಂದೆ.

ಮುಂದಿನ ಭೇಟಿಯಲ್ಲಿ ಡಾಕ್ಟರು ತಾವಾಗಿಯೇ ಒಳಗೆ ಕರೆದರು, ಕೂರಿಸಿದರು. "ನಿಮ್ ದೊಡ್ಡಪ್ಪನ ಜೋಕ್ ತುಂಬಾ ಚೆನ್ನಾಗಿತ್ತು ಕಣ್ರೀ" ಎಂದರು. ನಾನು ಬಣ್ಣದ ಹಾಳೆ ತೆಗೆಯುವ ಮೊದಲೇ ಮುಂದುವರಿಸಿದರು: "ಆಮೇಲೆ ನಿಮ್ ವಿಡಿಯೊದಲ್ಲೂ ನೋಡಿದೆ. ನಮ್ ಕಾಂಪೌಂಡರ್ ನಿಮಗಿಂತ ಚೆನ್ನಾಗಿ ಹೇಳ್ತಾನೆ."