ಸಾಸಿವೆ ಡಬ್ಬಿಯ ಅರ್ಥಶಾಸ್ತ್ರ

ಸಂಬಳವು ಕೈಸೇರಿದೊಡನೆಯೇ ಹಾಲಿನವಳೂ, ಶೆಟ್ಟರ ಅಂಗಡಿಯ ದಿನಸಿ ಲೆಕ್ಕವೂ, ಮನೆಬಾಡಿಗೆಯೂ ತಂತಮ್ಮ ಪಾಲನ್ನು ಪಡೆದು ನಿರ್ಗಮಿಸಿದ ಬಳಿಕ, ಉಳಿದ ಚಿಲ್ಲರೆಯನ್ನು ಸಾಸಿವೆ ಡಬ್ಬಿಯಲ್ಲಿ ಅಡಗಿಸಿಡುವ ಗೃಹಿಣಿಯ ಜಾಣ್ಮೆಗೆ ಕೌಟಿಲ್ಯನೂ ತಲೆದೂಗಬೇಕು. ಆದರೆ ಮಗಳ ಮದುವೆಗೆಂದು ಸಾಹುಕಾರನಿಂದ ತಂದ ಸಾಲವು ಆ ಡಬ್ಬಿಯ ಜಾಡನ್ನೂ ಬಲ್ಲದು. ನೂರಕ್ಕೆ ತಿಂಗಳಿಗೆ ಬರಿಯ 2 ರೂಪಾಯಿ ಎಂದು ವಿನಯದಿಂದ ನುಡಿದ ಬಡ್ಡಿಯು ವರ್ಷಾಂತ್ಯದಲ್ಲಿ ಶೇಕಡಾ 24 ಎಂಬ ವಿಶ್ವರೂಪವನ್ನು ತೋರುವುದು. ಗದಗಿನ ಬಳಿಯ ಕಣಗಿನಹಾಳದ ರೈತರು 1905ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿಕೊಂಡುದು ಈ ದರ್ಶನಭಾಗ್ಯವನ್ನು ತಪ್ಪಿಸಿಕೊಳ್ಳಲೆಂದೇ.

ಆದುದರಿಂದ, ವಾಚಕ ಮಹಾಶಯರೇ, ಆಯವ್ಯಯದ ಪಟ್ಟಿಯಲ್ಲಿ ಸಾಲದ ಕಂತನ್ನು ಕಾಫಿಪುಡಿಗಿಂತ ಮೇಲೆ ಬರೆಯಿರಿ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಿರಿ. ಕಾಫಿಯನ್ನೇ ನಿಲ್ಲಿಸುವ ಠರಾವನ್ನು ಮಾತ್ರ ಮನೆಯಲ್ಲಿ ಮಂಡಿಸಬೇಡಿರಿ, ಅದು ಎಂದಿಗೂ ಅಂಗೀಕೃತವಾಗದು.