ಭರಣಿಗೂ ಒಂದು ಟೋಕನ್

(ಬಿಳಗಿಯ ಒಂದು ಮನೆಯಂಗಳ. ಅಡಿಕೆ ಸುಗ್ಗಿ. ಚಪ್ಪರದಡಿ ಬಲ್ಬು ಉರಿಯುತ್ತಿದೆ. ಮಂಜು ನಾಯ್ಕ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾನೆ. ಹೆಗಡೇರೂ ಸುಲಿಯುವವರ ಹಾಗೇ ಕೂತಿದ್ದಾರೆ, ಕೈಯಲ್ಲಿರುವುದು ಮಾತ್ರ ಮೊಬೈಲು. ಜಗಲಿಯಲ್ಲಿ ಸಾವಿತ್ರಮ್ಮ ಬೆಂಗಳೂರಿಗೆ ಒಯ್ಯುವ ಗಂಟು ಕಟ್ಟುತ್ತಿದ್ದಾರೆ.)

ಹೆಗಡೇರು: ಮಂಜು, ನೀ ಬೆಂಗಳೂರಲ್ಲಿ ಬೇಕರಿ ಕೆಲಸ ಮಾಡಿದವ. ಒಂದು ಕೇಳ್ತೇನೆ, ಖರೆ ಹೇಳು. ಮೆಟ್ರೋ ಸ್ಟೇಷನ್ನಲ್ಲಿ ನಮ್ಮ ಚೀಲ ಯಾವುದೋ ಮಷಿನ್ನಿನ ಹೊಟ್ಟೆಯೊಳಗೆ ಹಾಕ್ತಾರಂತೆ, ಹೌದಾ?

ಮಂಜು: ಹೌದು ಹೆಗಡೇರೆ. ಈಚೆ ಬೆಲ್ಟಿನ ಮೇಲೆ ಇಡೂದು, ಆಚೆ ಹೋಗಿ ಎತ್ತಿಕೊಳ್ಳೂದು. ನಾವು ಬಾಗಿಲ ಚೌಕಟ್ಟಿನಂಥದ್ದರಲ್ಲಿ ದಾಟೂದು. ಕೈ ಅಗಲಿಸಿ ನಿಂತ್ರೆ ಒಂದು ಕೋಲು ಸವರ್ತಾರೆ. ಅಷ್ಟೇ.

ಹೆಗಡೇರು: ಮಷಿನ್ನಿನೊಳಗೆ ಎಕ್ಸ್‌ರೇ?

ಮಂಜು: ಎಕ್ಸ್‌ರೇನೇ.

ಹೆಗಡೇರು: (ಜಗಲಿಯತ್ತ) ಕೇಳಿದ್ಯನೇ? ಆನು ಹೇಳಿದ್ದು ಸುಳ್ಳಾ?

ಸಾವಿತ್ರಮ್ಮ: ಸುಳ್ಳು ಹೇಳಿ ಯಾರು ಹೇಳಿದ್ದ? ಹುಚ್ಚು ಹೇಳಿ ಅಷ್ಟೇ.

ಹೆಗಡೇರು: ಮೆಸೇಜ್ ಬಂದಿದೆ ಮಂಜು, ಓದ್ತೇನೆ ಕೇಳು. "ಎಕ್ಸ್‌ರೇ ತಾಗಿದ ಆಹಾರದ ಪ್ರಾಣಶಕ್ತಿ ಎಂಬತ್ತೇಳು ಪಾಲು ನಾಶ. ತಿಂದವರ ಆರಾ ಕುಗ್ಗುತ್ತದೆ. ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ."

ಮಂಜು: ನೀವು ಎಷ್ಟು ಜನಕ್ಕೆ ಕಳಿಸಿದ್ರಿ?

ಹೆಗಡೇರು: ಇಪ್ಪತ್ತು. ಅರ್ಧಕ್ಕರ್ಧ ಜನ ಓದೂದಿಲ್ಲ.

ಮಂಜು: ಈಗ ಯಾವ ಆಹಾರಕ್ಕೆ ಗಂಡಾಂತರ ಬಂದದ್ದು?

ಸಾವಿತ್ರಮ್ಮ: ಮಿಡಿ ಉಪ್ಪಿನಕಾಯಿಗೆ ಮಾರಾಯ. ಅನಂತಭಟ್ಟನ ಅಪ್ಪೆ. ಮಗಳಿಗೆ ಅಂತ ಒಂದು ಭರಣಿ ತೆಗೆದಿಟ್ಟಿದ್ದೆ. ಬೆಳಗಿಂದ ಅದರ ಸುತ್ತ ಪ್ರದಕ್ಷಿಣೆ ನಡೀತಾ ಇದೆ.

ಹೆಗಡೇರು: ಅಪ್ಪೆಮಿಡಿ ಅಂದ್ರೆ ಜೀವಂತ ವಸ್ತು. ಸೊನೆ ಇದೆ, ಪರಿಮಳ ಇದೆ, ಕಂಪನ ಇದೆ.

ಮಂಜು: ನೀವು ಅದನ್ನ ಉಪ್ಪಲ್ಲಿ ಹಾಕಿ ಸುರುಟಿಸಿ, ಮೇಲಿಂದ ಖಾರ, ಸಾಸಿವೆ ಅರೆದು ಹಾಕಿ, ಬಾಯಿ ಕಟ್ಟಿ ಕತ್ತಲಲ್ಲಿ ಕೂರ್ಸಿದ್ದೀರಿ. ಅದರ ಪ್ರಾಣ ಆಗಲೇ ಹೋಗಿದೆ ಹೆಗಡೇರೆ. ಅದರ ಜೊತೆ ಬೂಷ್ಟು ಹಿಡಿಸೂ ಜೀವಿಗಳದ್ದೂ ಹೋಗಿದೆ. ಅದಕ್ಕೇ ಅದು ಕೆಡೂದಿಲ್ಲ.

ಹೆಗಡೇರು: ಅದು ಸ್ಥೂಲ ಪ್ರಾಣ. ನಾ ಹೇಳೂದು ಸೂಕ್ಷ್ಮ. ಇರಲಿ. ಭರಣಿಯನ್ನ ತಲೆ ಮೇಲೆ ಇಟ್ಕೊಂಡು ಚೌಕಟ್ಟು ದಾಟಿದ್ರೆ?

ಮಂಜು: ಪೂರ್ಣಕುಂಭ ಸ್ವಾಗತ ಅಂದ್ಕೊಂಡು ಒಂದು ಗಳಿಗೆ ಸುಮ್ಮನಿರ್ತಾರೆ. ಆಮೇಲೆ ಇಳಿಸಿ ಬೆಲ್ಟಿಗೇ ಹಾಕ್ತಾರೆ.

ಹೆಗಡೇರು: ಶಾಲು ಸುತ್ತಿ ಮಗು ಅಂತ ಎತ್ತಿಕೊಂಡು ಹೋದ್ರೆ? ಮಕ್ಕಳನ್ನ ಮಷಿನ್ನಿಗೆ ಹಾಕ್ತಾರಾ?

ಮಂಜು: ಮಕ್ಕಳನ್ನ ಹಾಕೂದಿಲ್ಲ. ಮೂರಡಿಗಿಂತ ಗಿಡ್ಡ ಇದ್ರೆ ಟಿಕೆಟೂ ಬೇಡ.

ಹೆಗಡೇರು: ಭರಣಿ ಒಂದಡಿ ಮಾತ್ರ!

ಸಾವಿತ್ರಮ್ಮ: ಚೊಲೋ ಆತು. ಬೆಳಗಾಮುಂಚೆ ಮುದುಕ ಒಬ್ಬ ಶಿಶು ಎತ್ತಿಕೊಂಡು ಬಪ್ಪದು, ಶಿಶುವಿನ ಬಾಯಿಂದ ಖಾರದ ರಸ ಸೋರದು, ಮೈಯೆಲ್ಲ ಇಂಗಿನ ವಾಸನೆ.

ಮಂಜು: ಸೀಟಂತೂ ಸಿಗ್ತದೆ ಸಾವಿತ್ರಮ್ಮ. ಬೋಗಿಯೇ ಖಾಲಿ ಆಗ್ತದೆ.

ಹೆಗಡೇರು: ನಗಬೇಡಿ. ನಾ ವ್ಯವಸ್ಥೆ ಮಾಡಿಕೊಂಡಿದ್ದೇನೆ. (ಅಂಗಿ ಕಿಸೆಯಿಂದ ತೆಗೆದು) ತಾಮ್ರದ ಪಿರಮಿಡ್. ಭರಣಿ ಮೇಲೆ ಒಂದು, ನನ್ನ ಕೊರಳಿಗೆ ಒಂದು. ಎಲ್ಲ ಕಿರಣವನ್ನೂ ತಿರುಗಿಸಿ ಕಳಿಸ್ತದೆ. ಜೋಡಿಗೆ ಎರಡು ಸಾವಿರದ ನಾನೂರು ರೂಪಾಯಿ.

ಸಾವಿತ್ರಮ್ಮ: (ಗಂಟು ಬಿಟ್ಟು ಎದ್ದು) ಎಷ್ಟು?

ಹೆಗಡೇರು: ಆಫರಲ್ಲಿ ಇತ್ತೇ.

ಮಂಜು: ಕೊರಳಲ್ಲಿ ಕಟ್ಟಿಕೊಂಡು ಚೌಕಟ್ಟು ದಾಟಿ ಹೆಗಡೇರೆ, ಕೀಂಯ್ ಅಂತ ಕೂಗ್ತದೆ. ಅದು ಲೋಹ ಹುಡುಕೂ ಮಷಿನ್ನು, ತಾಮ್ರ ಲೋಹ. ವಿಕಿರಣ ತಪ್ಪಿಸ್ತದೋ ಇಲ್ಲವೋ, ನಿಮ್ಮನ್ನಂತೂ ನಿಲ್ಲಿಸ್ತದೆ.

ಹೆಗಡೇರು: ಹಾಗಾದ್ರೆ ಸಗಣಿ ಚಿಪ್ಪು. ಅದರಲ್ಲಿ ಲೋಹ ಇಲ್ಲ. ಸರ್ಕಾರದ ಆಯೋಗವೇ ಬಿಡುಗಡೆ ಮಾಡಿತ್ತಲ್ಲ?

ಮಂಜು: ಮಾಡಿತ್ತು. 2020ರ ಅಕ್ಟೋಬರಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದವ್ರು. ಮೊಬೈಲಿನ ವಿಕಿರಣ ಕಡಿಮೆ ಮಾಡ್ತದೆ ಅಂದ್ರು. ಪುರಾವೆ ಎಲ್ಲಿ ಅಂತ ನೂರಾರು ವಿಜ್ಞಾನಿಗಳು ಕೇಳಿದ್ರು. ಅಲ್ಲ, ನೀವೇ ಯೋಚನೆ ಮಾಡಿ. ಚಿಪ್ಪು ಖರೆ ಕೆಲಸ ಮಾಡಿದ್ರೆ ಮೊಬೈಲಿಗೆ ಸಿಗ್ನಲ್ಲೇ ಬರಬಾರದು. ವಾಟ್ಸಾಪೂ ಬರೂದಿಲ್ಲ.

ಸಾವಿತ್ರಮ್ಮ: ಹಾಂಗಾರೆ ಅದನ್ನ ಎರಡು ತರ್ಸಿ.

ಮಂಜು: ಎಕ್ಸ್‌ರೇ ಅಂದ್ರೂ ಬೆಳಕಿನ ಜಾತಿಯದ್ದೇ. ಭರಣಿಗೆ ಟಾರ್ಚು ಬಿಟ್ಟು ಆರಿಸಿದ ಮೇಲೆ ಮಿಡಿಯೊಳಗೆ ಬೆಳಕು ಉಳೀತದಾ? ಇದೂ ಹಾಗೇ. ಬೆಲ್ಟು ಸರಿದು ಆಚೆ ಹೋಗೂದ್ರೊಳಗೆ ಮುಗೀತು. ಮಿಡಿಗೆ ವಿಕಿರಣ ಅಂಟೂದಿಲ್ಲ. ನಿಮ್ಮ ತೋಟದ ಬಾಳೆಹಣ್ಣಿನ ಪೊಟ್ಯಾಸಿಯಂನಲ್ಲಿ ಹುಟ್ಟುತ್ತಲೇ ಚೂರು ವಿಕಿರಣ ಇರ್ತದೆ, ಅದನ್ನ ದಿನಾ ತಿಂತೀರಿ. ಕೈಗಾ ಅಣುಸ್ಥಾವರದ ಬಗ್ಗೆ ಪ್ರಶ್ನೆ ಕೇಳಿ, ಅದಕ್ಕೊಂದು ಅರ್ಥ ಇದೆ, ನಾನೂ ಬಂದು ಕೂರ್ತೇನೆ. ಮೆಟ್ರೋ ಬಾಗಿಲಲ್ಲಿ ಉಪ್ಪಿನಕಾಯಿಗೆ ಹೆದರೂದು ಎಂತಕೆ?

ಹೆಗಡೇರು: ಭರಣಿ ಬಿಡು. ಮನುಷ್ಯನ ಗತಿ ಎಂತದು? ರೈಲು ಭೂಮಿಯೊಳಗೆ ಹೋಗ್ತದೆ. ಅಲ್ಲಿ ಗ್ರಹಗಳ ಕಿರಣ ತಾಗೂದಿಲ್ಲ. ಅದೂ ಬಂದಿದೆ ಮೆಸೇಜು.

ಮಂಜು: ಶನಿಯದ್ದೂ ತಾಗೂದಿಲ್ಲ?

ಹೆಗಡೇರು: ಯಾವ ಗ್ರಹದ್ದೂ ತಾಗೂದಿಲ್ಲ.

ಮಂಜು: ಹಾಗಾದ್ರೆ ಲಾಭ ಆಯ್ತಲ್ಲ! ಸಾಡೆಸಾತಿ ಇದ್ದವರೆಲ್ಲ ಮೆಜೆಸ್ಟಿಕ್ ಸ್ಟೇಷನ್ನಲ್ಲಿ ಹೋಗಿ ಕೂತ್ರೆ ಆಯ್ತು. ಎಣ್ಣೆ ದೀಪ ಬೇಡ, ಎಳ್ಳು ಬೇಡ. ಆದ್ರೆ ಒಂದು, ಒಳಗೆ ಹೋದವ ಹೊತ್ತು ಮೀರಿ ಕೂತ್ರೆ ದಂಡ ಹಾಕ್ತಾರೆ.

ಸಾವಿತ್ರಮ್ಮ: ಏಳೂವರೆ ವರ್ಷಕ್ಕೆ ಎಷ್ಟು ದಂಡ ಆಗ್ತು ಕೇಳಿ ನೋಡಿ.

ಮಂಜು: ಅಲ್ಲ ಹೆಗಡೇರೆ, ನೀವು ಕುಮಟಾದಲ್ಲಿ ರೈಲು ಹತ್ತಿ ಮುಂಬೈಗೆ ಹೋಗಿ ಬಂದವರಲ್ವಾ? ಕೊಂಕಣ ರೈಲಿನ ದಾರೀಲಿ ರತ್ನಾಗಿರಿ ಹತ್ರ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರು. ಆಗ ಗ್ರಹಗಳು ಎಂತ ಮಾಡಿದ್ವು?

ಹೆಗಡೇರು: ಆಗ ನನ್ನ ಹತ್ರ ವಾಟ್ಸಾಪ್ ಇರ್ಲಿಲ್ಲ. ಗೊತ್ತಾಗ್ಲಿಲ್ಲ.

ಮಂಜು: ನಿಮ್ಮ ದಾರೀಲಿ ನೆಲದೊಳಗೆ ಇರೂದೇ ಸ್ವಲ್ಪ ಹೊತ್ತು. ತಾಳಗುಪ್ಪದಿಂದ ರಾತ್ರಿ ರೈಲಲ್ಲಿ ಹೋಗಿ ಇಳೀತೀರಿ. ತಾಳಗುಪ್ಪದಿಂದ ಈಚೆಗೆ ಸಿದ್ದಾಪುರಕ್ಕೆ ಹಳಿ ಬರೂದು ಬರೀ ಮಾತಲ್ಲೇ ಇದೆ, ಅದರ ಪ್ರಾಣಶಕ್ತಿ ಯಾರು ತಿಂದ್ರೋ ಆ ಮೆಸೇಜು ಮಾತ್ರ ಬರೂದಿಲ್ಲ. ಇರಲಿ. ಸಿಟಿ ಸ್ಟೇಷನ್ನಿನ ಹತ್ರ ನೇರಳೆ ಲೈನು ಹತ್ತಿ ಮುಂದಿನ ಮೆಜೆಸ್ಟಿಕ್ಕಲ್ಲೇ ಇಳೀರಿ. ಅಲ್ಲಿ ಹಸಿರು ಲೈನು, ರೇಷ್ಮೆ ಸಂಸ್ಥೆ ಕಡೆಗೆ ಹೋಗೂದು. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ದಾಟಿದ್ರೆ ರೈಲು ಮೇಲೆ ಬರ್ತದೆ. ಗ್ರಹಗಳೆಲ್ಲ ಕಾಯ್ತಾ ಇರ್ತವೆ. ಆರ್.ವಿ. ರೋಡಲ್ಲಿ ಇಳಿದು ಹಳದಿ ಲೈನು. ಅದು 2025ರ ಆಗಸ್ಟಲ್ಲಿ ಶುರುವಾದದ್ದು, ಸೀದಾ ಎಲೆಕ್ಟ್ರಾನಿಕ್ ಸಿಟಿ. ಶುರುವಿಗೆ ಮೂರೇ ರೈಲು ಇತ್ತು, ಇಪ್ಪತ್ತೈದು ನಿಮಿಷಕ್ಕೆ ಒಂದು. ಆಗ ನೀವು ಹೋಗಿದ್ರೆ ಒಂದು ರೈಲು ತಪ್ಪಿದ್ರೆ ಸಂಧ್ಯಾವಂದನೆ ಮುಗಿಸಿಕೊಳ್ಳಬಹುದಿತ್ತು.

ಸಾವಿತ್ರಮ್ಮ: ಅಷ್ಟು ಹೆಸರು ಇವರಿಗೆ ನೆನಪಿರೂದಿಲ್ಲ ಮಂಜು. ಪಂಚಾಂಗ ಮಾತ್ರ ನೆನಪಿರ್ತದೆ.

ಮಂಜು: ಹೆಸರು ಬೇಡ, ಬಣ್ಣ ನೆನಪಿಟ್ರೆ ಸಾಕು. ಗುಲಾಬಿ ಲೈನು ಅಂತಲೂ ಒಂದಿದೆ. ಅದರ ಸುರಂಗ ಕೊರೆದ ಯಂತ್ರಗಳ ಹೆಸರು ಗೊತ್ತಾ? ತುಂಗಾ, ಭದ್ರಾ, ವರದಾ. ಬನವಾಸೀಲಿ ಹರೀತದಲ್ಲ, ಅದೇ ವರದಾ.

ಹೆಗಡೇರು: ನದಿ ಹೆಸರಿಟ್ಟು ನೆಲ ಕೊರೆದ್ರಾ! ಇನ್ನು ಅಲ್ಲಿ ನೀರು ನುಗ್ಗದೆ ಇರ್ತದಾ?

ಮಂಜು: ನಿಮ್ಮ ದನದ ಹೆಸರು ಗಂಗೆ. ಕೊಟ್ಟಿಗೇಲಿ ನೆರೆ ಬಂದಿದೆಯಾ?

ಹೆಗಡೇರು: ಸರಿ, ಕರೆಂಟಿಗೆ ಎಂತ ಹೇಳ್ತೀಯ? ಹಳಿಯ ಪಕ್ಕದಲ್ಲೇ ಕರೆಂಟು ಹರೀತದಂತೆ. ಅದರ ಮೇಲೆ ಕೂತು ಹೋದ್ರೆ ರಕ್ತದಲ್ಲಿರೂ ಕಬ್ಬಿಣ ಎಲ್ಲ ಒಂದೇ ದಿಕ್ಕಿಗೆ ತಿರುಗ್ತದಂತೆ.

ಮಂಜು: ಯಾವ ದಿಕ್ಕಿಗೆ?

ಹೆಗಡೇರು: ದಕ್ಷಿಣಕ್ಕೆ.

ಮಂಜು: ನೀವು ಹೋಗೂದೂ ದಕ್ಷಿಣಕ್ಕೇ, ಅಡ್ಡಿಯಿಲ್ಲ. (ಮೆಟ್ಟುಗತ್ತಿಯಿಂದ ಕೈ ತೆಗೆದು) ಈಗ ತಮಾಷೆ ಬಿಡ್ತೇನೆ. ಹಳಿಯ ಪಕ್ಕ ಮೂರನೇ ಹಳಿ ಅಂತ ಇದೆ, ಅದರಲ್ಲಿ 750 ವೋಲ್ಟ್ ಇರ್ತದೆ. ಬೋಗಿಯೊಳಗೆ ಕೂತವರಿಗೆ ಅದು ಎಂತ ಮಾಡೂದಿಲ್ಲ, ಕೆಳಗೆ ಇಳಿದವ ಉಳಿಯೂದಿಲ್ಲ. ಮೊಬೈಲು ಬಿತ್ತು ಅಂತ ಹಾರಬಾರದು, ಟೊಪ್ಪಿ ಬಿತ್ತು ಅಂತ ಹಾರಬಾರದು. ಸಿಬ್ಬಂದಿಗೆ ಹೇಳಬೇಕು. ಪ್ಲಾಟ್‌ಫಾರಂ ಅಂಚಿಗೆ ಹಳದಿ ಗೆರೆ ಇರ್ತದೆ, ರೈಲು ಬಂದು ನಿಲ್ಲೂವರೆಗೆ ಅದರ ಹಿಂದೆ ನಿಲ್ಲಬೇಕು. ಜನ ಕೊರಳಿಗೆ ಸಾವಿರಗಟ್ಟಲೆ ರೂಪಾಯಿ ತಾಯತ ಕಟ್ಟಿಕೊಂಡು ಗೆರೆ ದಾಟಿ ಬಗ್ಗಿ ನೋಡ್ತಾರೆ! ಗೆರೆ ಪುಕ್ಕಟೆ ಹೆಗಡೇರೆ. ಅದಕ್ಕೆ ಯಾರಿಗೂ ನಂಬಿಕೆ ಇಲ್ಲ.

ಹೆಗಡೇರು: ಅಷ್ಟು ಕರೆಂಟು ಎಲ್ಲಿಂದ ಬರ್ತದೆ?

ಮಂಜು: ಎಲ್ಲ ಕಡೆಯಿಂದಲೂ. ಶರಾವತಿ ಕರೆಂಟೂ ಅದೇ ಜಾಲಕ್ಕೆ ಸೇರ್ತದೆ.

ಹೆಗಡೇರು: (ಮುಖ ಅರಳಿ) ನಮ್ಮ ಜೋಗದ್ದಾ! ಹಾಗಾದ್ರೆ ಸಾತ್ವಿಕ ಕರೆಂಟು. ಅಡ್ಡಿಯಿಲ್ಲ. ಟಿಕೆಟು ಎಲ್ಲಿ ತಗೊಳ್ಳೂದು?

ಮಂಜು: 2025ರ ಫೆಬ್ರುವರೀಲಿ ದರ ಏರಿಸಿ ಜಾಸ್ತಿ ಅಂದ್ರೆ 60 ಇದ್ದದ್ದು 90 ಮಾಡಿದ್ರು. ಬೇಕಾದ್ರೆ ಅದಕ್ಕೆ ಆರಾ ಕುಗ್ಗಿಸಿಕೊಳ್ಳಿ, ನಾ ಬೇಡ ಅನ್ನೂದಿಲ್ಲ. ಕೌಂಟರಲ್ಲಿ ಟೋಕನ್ ಕೊಡ್ತಾರೆ. ಹೋಗೂವಾಗ ಗೇಟಿಗೆ ಮುಟ್ಟಿಸಿ, ಬರೂವಾಗ ತೂತಿಗೆ ಹಾಕಿ. ಕವಳದ ಸಂಚಿಗೆ ಹಾಕಿ ಮರೀಬೇಡಿ. ಇಲ್ಲದಿದ್ರೆ 2022ರ ರಾಜ್ಯೋತ್ಸವದಿಂದ ವಾಟ್ಸಾಪಲ್ಲೇ ಟಿಕೆಟ್ ಬರ್ತದೆ.

ಹೆಗಡೇರು: ವಾಟ್ಸಾಪಲ್ಲಿ? ಛೆ, ಛೆ. ಅದನ್ನೆಲ್ಲ ನಂಬೂಕಾಗ್ತದಾ?

(ಸಾವಿತ್ರಮ್ಮ ಮಂಜುವನ್ನು ನೋಡುತ್ತಾರೆ. ಮಂಜು ಅಡಿಕೆಯನ್ನು ನೋಡುತ್ತಾನೆ.)

ಮಂಜು: ಗಂಟು ಎಷ್ಟು ತೂಕ ಆಯ್ತು ಸಾವಿತ್ರಮ್ಮ? ಒಬ್ಬರಿಗೆ ಹದಿನೈದು ಕೆ.ಜಿ.

ಸಾವಿತ್ರಮ್ಮ: ಭರಣಿ, ಜೋನಿಬೆಲ್ಲದ ಡಬ್ಬ, ಹಲಸಿನ ಹಪ್ಪಳ, ಆರು ತೆಂಗಿನಕಾಯಿ. ಇವರದ್ದು ಕವಳದ ಸಂಚಿ ಬೇರೆ, ಅಡಕತ್ತರಿ ಸಮೇತ.

ಮಂಜು: ಹಿಡೀತಾರೆ ಅಂದ್ರೆ ಆ ಅಡಕತ್ತರೀನೇ ಹಿಡೀತಾರೆ! ಚೂಪಿನ ಸಾಮಾನು ಬಿಡೂದಿಲ್ಲ. ಕವಳ ಹಾಕಿ ಒಳಗೆ ಹೋಗಿ ಉಗಿದ್ರೂ ದಂಡ.

ಹೆಗಡೇರು: ಅಡಿಕೆ ಬೆಳೆಯುವವನಿಗೆ ಕವಳ ಇಲ್ಲ! ಇದಕ್ಕಿಂತ ದೊಡ್ಡ ವಿಕಿರಣ ಬೇಕಾ? ಎಕ್ಸ್‌ರೇ ಸಹಿಸಬಹುದು ಮಾರಾಯ.

ಸಾವಿತ್ರಮ್ಮ: ಇನ್ನೊಂದು ಕೇಳಿ. ಹೋದ ವರ್ಷ ಇದೇ ಮಿಡಿ ಅಮೆರಿಕದಲ್ಲಿಪ್ಪ ಮಾಣಿಗೆ ಕಳಿಸಿದ್ದಿತ್ತು. ವಿಮಾನದಲ್ಲಿ ಹೋದ್ದು. ಎಷ್ಟು ಎಕ್ಸ್‌ರೇ ತಾಗಿದ್ದೋ ದೇವರಿಗೇ ಗೊತ್ತು. ಇಂಥಾ ರುಚಿ ಇಲ್ಲೆ ಹೇಳಿ ಫೋನ್ ಮಾಡಿದ್ದ.

ಹೆಗಡೇರು: ಅದಕ್ಕೇ ಅಂವ ಊರಿಗೆ ಬತ್ನಿಲ್ಲೆ!

ಮಂಜು: (ಸುಲಿಯುತ್ತ) ಹೆಗಡೇರೆ, ನಮ್ಮ ಗ್ರೂಪಲ್ಲೂ ಇವತ್ತು ಒಂದು ಬಂದಿದೆ.

ಹೆಗಡೇರು: ಎಂತದು? ಓದು, ಓದು.

ಮಂಜು: "ಎಲ್‌ಇಡಿ ಬಲ್ಬಿನ ಬೆಳಕಲ್ಲಿ ಸುಲಿದ ಅಡಿಕೆಯ ಪ್ರಾಣಶಕ್ತಿ ತೊಂಬತ್ತು ಪಾಲು ನಾಶ. ಮಂಡಿಯಲ್ಲಿ ದರ ಬೀಳಲು ಇದೇ ಕಾರಣ. ಕತ್ತಲಾದ ಮೇಲೆ ಸುಲಿಯುವವರಿಗೆ ಎರಡು ಪಟ್ಟು ಕೂಲಿ ಕೊಟ್ಟರೆ ದೋಷ ಪರಿಹಾರ."

ಹೆಗಡೇರು: ಸುಳ್ಳು! ಶುದ್ಧ ಸುಳ್ಳು! ಬರೆದವ ಯಾರು ಅಂತ ಇದೆಯಾ? ಪುರಾವೆ ಎಲ್ಲಿ? ಯಾವ ವಿಜ್ಞಾನಿ ನೋಡಿದ್ದಾನೆ? ಕಂಡಕಂಡದ್ದನ್ನೆಲ್ಲ ನಂಬ್ತಾರಪ್ಪ ಜನ!

ಸಾವಿತ್ರಮ್ಮ: ಮಂಜು, ಅದನ್ನ ಹತ್ತು ಜನಕ್ಕೆ ಕಳಿಸು. ಮೊದಲು ನನಗೆ ಕಳಿಸು.